ಜ್ವರ ಬಿಟ್ಟ ದಿನ

ಮಳೆ ಶುರುವಾಗಿ ತಿಂಗಳು ಕಳೆದು ಡೆಂಗಿ ಹಬ್ಬಿತೆಂದರೆ ನಮ್ಮ ಲ್ಯಾಬಿನ ಕಿಟಕಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಪ್ಲೇಟ್‌ಲೆಟ್ ಎಷ್ಟೈತ್ರೀ ಮೇಡಂ?" ಕ್ರಿಕೆಟ್ ಸ್ಕೋರು ಕೇಳಿದ ಹಾಗೆ ಕೇಳುತ್ತಾರೆ. ಎಂಬತ್ತು ಸಾವಿರ ಅಂದರೆ ಮುಖ ಬಾಡುತ್ತದೆ, ಲಕ್ಷ ದಾಟಿದೆ ಅಂದರೆ ಅಲ್ಲೇ ನಿಂತು ಊರಿಗೆಲ್ಲ ಫೋನು. ಒಂದು ವರ್ಷವಂತೂ ಸರಸ್ವತಿ ನಗರದ ನಮ್ಮ ಮನೆಯ ರಸ್ತೆಯಲ್ಲಿ ಪಪ್ಪಾಯಿ ಗಿಡಗಳಿಗೆ ಎಲೆಯೇ ಉಳಿಯಲಿಲ್ಲ. ಎಲೆ ಅರೆದು ರಸ ಕುಡಿದರೆ ಪ್ಲೇಟ್‌ಲೆಟ್ ಏರುತ್ತದೆ ಅಂತ ಯಾರೋ ಹೇಳಿದ್ದೇ ತಡ, ಕಾಂಪೌಂಡ್ ಹಾರಿ ಕಿತ್ತುಕೊಂಡು ಹೋದರು. ಆ ಕಹಿ ರಸ ಕುಡಿದು ವಾಂತಿ ಮಾಡಿಕೊಂಡವರನ್ನು ನಾನೇ ನೋಡಿದ್ದೇನೆ.

ನಾನು ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಇಪ್ಪತ್ತೆರಡು ವರ್ಷವಾಯಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. "ಪ್ಲೇಟ್‌ಲೆಟ್ ಒಂದನ್ನೇ ನೋಡಬ್ಯಾಡ್ರಿ, ಅದರ ಕೆಳಗಿನ ನಂಬರ್ರೂ ನೋಡ್ರಿ" ಅಂತ ಕಿಟಕಿಯಲ್ಲಿ ಎಷ್ಟೋ ಸಲ ಗದರಿಸಿದ್ದೇನೆ. ಆ ಕೆಳಗಿನ ನಂಬರಿಗೆ ನಾವು ಪಿಸಿವಿ ಅನ್ನುತ್ತೇವೆ. ನೂರು ಪಾಲು ರಕ್ತದಲ್ಲಿ ಕಣಗಳು ಎಷ್ಟು ಪಾಲು ಅಂತ ಅದು ಹೇಳುತ್ತದೆ. ಉಳಿದದ್ದು ನೀರಿನಂಥ ಪ್ಲಾಸ್ಮಾ. ಡೆಂಗಿ ಕೆರಳಿದಾಗ ರಕ್ತನಾಳದ ಗೋಡೆ ಸಡಿಲಾಗಿ ಆ ಪ್ಲಾಸ್ಮಾ ಹೊಟ್ಟೆಗೆ, ಎದೆಗೆ ಜಿನುಗಿಬಿಡುತ್ತದೆ. ಸಾರು ಕುದ್ದು ಕುದ್ದು ಗಟ್ಟಿಯಾದ ಹಾಗೆ ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ರಕ್ತಸ್ರಾವದ ಜ್ವರ ಅಂದ ಕೂಡಲೇ ಜನ ಮೂಗಲ್ಲಿ, ಒಸಡಲ್ಲಿ ರಕ್ತ ಬರುವುದನ್ನು ಕಾಯುತ್ತಾರೆ. ಎಷ್ಟೋ ಸಲ ಒಂದು ಹನಿ ರಕ್ತವೂ ಹೊರಗೆ ಕಾಣದೆ ಮನುಷ್ಯ ಒಳಗೊಳಗೇ ಬತ್ತಿರುತ್ತಾನೆ.

ಇನ್ನೂ ಒಂದು ಮಾತು ಹೇಳುತ್ತಿದ್ದೆ. ಈ ಸೋರಿಕೆ ಜ್ವರ ಏರಿದಾಗ ಆಗುವುದಲ್ಲ, ಜ್ವರ ಇಳಿಯುವಾಗ ಆಗುವುದು. ನಾಲ್ಕೈದು ದಿನ ಸುಟ್ಟ ಮೈ ತಣ್ಣಗಾಯಿತು ಅಂತ ಮನೆಯವರು ಉಸಿರು ಬಿಡುವ ಹೊತ್ತಿಗೇ ನಿಜವಾದ ಭಯದ ಒಂದೆರಡು ದಿನ ಶುರು. ಇದನ್ನು ನಾನು ಅಪರಿಚಿತರಿಗೆಲ್ಲ ಹೇಳಿದೆ. ಹರಿಹರದಲ್ಲಿರುವ ನನ್ನ ಒಡಹುಟ್ಟಿದ ಅಕ್ಕನಿಗೆ ಮಾತ್ರ ಹೇಳಿರಲಿಲ್ಲ. ಯಾಕೆ ಅಂದರೆ ಜ್ವರದ ವಿಷಯದಲ್ಲಿ ಅಕ್ಕನಿಗೆ ಬುದ್ಧಿ ಹೇಳುವಷ್ಟು ದೊಡ್ಡವರು ನಮ್ಮ ಮನೆತನದಲ್ಲೇ ಇರಲಿಲ್ಲ.

ನಮ್ಮಲ್ಲಿ ಜ್ವರ ಬಂದವರಿಗೆ ಮೈತೊಳೆಯುವುದಿಲ್ಲ. ಜ್ವರ ಬಿಟ್ಟ ದಿನ ಬೇವಿನ ಸೊಪ್ಪು, ಅರಿಶಿನ ಹಾಕಿ ಕಾಯಿಸಿದ ನೀರನ್ನು ತಲೆಯ ಮೇಲೆ ಹಾಕಿ, ಮೆತ್ತನೆ ಅನ್ನ, ಮೆಣಸಿನ ಸಾರು ಉಣ್ಣಿಸಿದರೆ ಅಲ್ಲಿಗೆ ಕಾಯಿಲೆ ಹೋಯಿತು ಅಂತ ಲೆಕ್ಕ. ಮೊದಲ ಚೊಂಬು ನೀರನ್ನು ಕೈಗುಣ ಚೆನ್ನಾಗಿರುವವರೇ ಹಾಕಬೇಕು. ಮೊದಲು ನಮ್ಮ ಅವ್ವನಿಗೆ ಆ ಹೆಸರಿತ್ತು, ಆಮೇಲೆ ಅಕ್ಕನಿಗೆ ಬಂತು. ಅಕ್ಕ ಬ್ಲೌಸ್ ಹೊಲಿಯುತ್ತಾಳೆ. ಓಣಿಯಲ್ಲಿ ಯಾರ ಮನೆಯಲ್ಲಿ ಜ್ವರ ಬಿಟ್ಟರೂ ಮಷಿನ್ನಿನಿಂದ ಎದ್ದು, ಸೆರಗು ಸಿಕ್ಕಿಸಿ, ಹೋಗಿ ನೀರು ಹಾಕಿ ಬರುತ್ತಿದ್ದಳು. ಹಿಂದೂ ಮನೆ, ಸಾಬರ ಮನೆ ಅಂತ ನೋಡಿದವಳಲ್ಲ. ಎಳೆ ಮಕ್ಕಳು ಕೂಡ ಅವಳ ಕೈಯಲ್ಲಿ ಅಳುತ್ತಿರಲಿಲ್ಲ. ನಾನು ಕಂಡಿದ್ದೇನೆ, ಅದು ಸುಳ್ಳಲ್ಲ.

ಎರಡು ಮಳೆಗಾಲದ ಹಿಂದೆ ಆ ಅಕ್ಕನಿಗೇ ಜ್ವರ ಬಂತು. ಬರದೆ ಏನು ಮಾಡೀತು? ಹೊಳೆ ದಂಡೆಯ ಊರಾದರೂ ನಲ್ಲಿ ದಿನಾ ಬರುವುದಿಲ್ಲ. ಬಚ್ಚಲ ಮನೆಯ ಹೊರಗೆ ಮೂರು ಡ್ರಮ್ಮು ಸದಾ ತುಂಬಿರುತ್ತವೆ. ಡೆಂಗಿ ಸೊಳ್ಳೆಗೆ ಕೊಳಚೆ ಬೇಡ, ನಾವು ಕುಡಿಯಲು ಕಾಪಾಡಿದ ತಿಳಿನೀರೇ ಬೇಕು. ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಗೋಡೆಗೆ. ನೀರು ಚೆಲ್ಲಿ ಬಿಸಿಲಿಗೆ ಬೋರಲು ಹಾಕಿದರೂ ಅವು ತಿಂಗಳುಗಟ್ಟಲೆ ಒಣಗಿ ಕೂತಿರುತ್ತವೆ, ಮತ್ತೆ ನೀರು ಬಂದ ದಿನ ಒಡೆಯುತ್ತವೆ. ತಿಕ್ಕಿ ತೊಳೆಯದೆ ಬರೀ ಚೆಲ್ಲಿದರೆ ಉಪಯೋಗವಿಲ್ಲ. ಸಂಜೆ ಬೀದಿಯಲ್ಲಿ ಹೊಗೆ ಬಿಟ್ಟು ಹೋಗುವ ಮಷಿನ್ನಿಗೆ ನಮ್ಮ ಜನ ಕೈಮುಗಿಯುತ್ತಾರೆ, ಡ್ರಮ್ ತಿಕ್ಕು ಅಂದರೆ ಮುಖ ತಿರುಗಿಸುತ್ತಾರೆ. ಈ ಸೊಳ್ಳೆ ಹಗಲಲ್ಲಿ ಕಚ್ಚುವಂಥದ್ದು. ಅಕ್ಕ ಬೆಳಗಿನಿಂದ ಸಂಜೆಯವರೆಗೆ ಮಷಿನ್ನಿನ ಕೆಳಗೆ ಕಾಲಿಟ್ಟುಕೊಂಡು ಕೂತಿರುತ್ತಾಳೆ, ಕಾಲ ಗಂಟೇ ಅದಕ್ಕೆ ಎಲೆಯೂಟ.

ಅವಳಿಗೆ ಡೆಂಗಿ ಇದು ಎರಡನೇ ಸಲ. ಅದು ನನಗೆ ಗೊತ್ತಿತ್ತು. ವೈರಸ್ ಅನ್ನುವುದು ತನ್ನಷ್ಟಕ್ಕೆ ಬದುಕಲಾರದ್ದು, ನಮ್ಮ ಜೀವಕೋಶದೊಳಗೆ ನುಗ್ಗಿ ನಮ್ಮ ಒಲೆಯಲ್ಲೇ ತನ್ನ ಅಡುಗೆ ಮಾಡಿಕೊಳ್ಳುವಂಥದ್ದು. ಶಿವಮೊಗ್ಗದ ಕಡೆ ಕಾಡಿನಲ್ಲಿ ಉಣ್ಣೆ ಹುಳ ಕಚ್ಚಿ ಬರುವ ಮಂಗನ ಕಾಯಿಲೆಯದೂ ಇದರ ದಾಯಾದಿ ವೈರಸ್ಸೇ. ಡೆಂಗಿಯಲ್ಲಿ ನಾಲ್ಕು ಬಗೆ. ಒಂದು ಬಂದು ಹೋದರೆ ಮತ್ತೆ ಅದೇ ಬಗೆ ಬಂದರೆ ಮೈ ತಡೆಯುತ್ತದೆ. ಬೇರೆ ಬಗೆ ಬಂದರೆ ಮಾತ್ರ ಹಳೆಯ ಕಾವಲೇ ಹೊಸ ಕಳ್ಳನಿಗೆ ಬಾಗಿಲು ತೆಗೆದುಕೊಟ್ಟಂತಾಗುವುದುಂಟು. ಎರಡನೆಯ ಸಲ ಬಂದವರ ಮೇಲೆ ಹೆಚ್ಚು ಕಣ್ಣಿಡಬೇಕು ಅನ್ನುವುದು ಅದಕ್ಕೇ.

ಜ್ವರದ ಮೂರನೇ ದಿನ ಹರಿಹರದ ಕಲೆಕ್ಷನ್ ಸೆಂಟರಿನಿಂದ ಬರುವ ಚೀಲದಲ್ಲಿ ಅಕ್ಕನ ರಕ್ತದ ಟ್ಯೂಬು ಬಂತು. ಡೆಂಗಿ ಅಂತ ಗೊತ್ತಾಯಿತು. ಪಿಸಿವಿ ಮೂವತ್ತಾರು. ಐದನೇ ದಿನ ಬೆಳಿಗ್ಗೆ ಮತ್ತೊಂದು ಟ್ಯೂಬು. ನಾನೇ ಮಷಿನ್ನಿಗೆ ಕೊಟ್ಟೆ, ನಾನೇ ಪ್ರಿಂಟ್ ತೆಗೆದೆ, ನಾನೇ ಸಹಿ ಹಾಕಿದೆ. ಪ್ಲೇಟ್‌ಲೆಟ್ ಒಂದು ಲಕ್ಷದ ಐದು ಸಾವಿರ. ಇಪ್ಪತ್ತು ಮೂವತ್ತು ಸಾವಿರದವರನ್ನು ದಿನವೂ ನೋಡುತ್ತಿದ್ದ ನನಗೆ ಅದು ಅರಸನ ಐಶ್ವರ್ಯದ ಹಾಗೆ ಕಂಡಿತು. ಅಷ್ಟರಲ್ಲಿ ಅಕ್ಕನ ಫೋನು.

"ಜ್ವರ ಬಿಡ್ತು ಕಣೇ. ಮೈ ಹೂವಿನಂಗೆ ಐತೆ."

"ರಿಪೋರ್ಟೂ ಚೆನ್ನಾಗೈತೆ ಅಕ್ಕ. ಲಕ್ಷದ ಮ್ಯಾಲೈತೆ."

"ಹಂಗಾದ್ರೆ ನೀ ಬಂದು ನೀರು ಹಾಕು. ಊರಿಗೆಲ್ಲ ನಾ ಹಾಕ್ತೀನಿ, ನಂಗೆ ಹಾಕೋರು ಯಾರು? ಅವ್ವನ ಕೈ ಇಲ್ಲ, ಅವ್ವನ ಮಗಳ ಕೈಯಾದ್ರೂ ಬೀಳ್ಲಿ."

ಅಕ್ಕ ನನ್ನನ್ನು ಹಾಗೆ ಕರೆದದ್ದು ಜೀವಮಾನದಲ್ಲಿ ಅದೇ ಮೊದಲು. ಎಷ್ಟು ಹಿಗ್ಗಿದೆನೆಂದರೆ ಆ ಹಾಳೆಯನ್ನು ಅರ್ಧ ದಿನದ ರಜೆ ಚೀಟಿಯ ಜೊತೆ ಮೇಜಿನ ಮೇಲಿಟ್ಟು ಬಸ್ ಹತ್ತಿಬಿಟ್ಟೆ. ಬಾತಿ ಊರು ದಾಟುವಾಗ ಬಸ್ಸಿನಲ್ಲಿ ಕೂತು ಅವ್ವ ಯಾವ ಕೈಯಲ್ಲಿ ಚೊಂಬು ಹಿಡಿಯುತ್ತಿದ್ದಳು ಅಂತ ನೆನಪು ಮಾಡಿಕೊಳ್ಳುತ್ತಿದ್ದೆ. ಪಿಸಿವಿಯ ನೆನಪು ಒಂದು ಕ್ಷಣಕ್ಕೂ ಬರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಗಾದೆ.

ನಾನು ಹೋಗುವಷ್ಟರಲ್ಲಿ ಭಾವ ನೀರು ಕಾಯಿಸಿಟ್ಟು ಅಂಗಡಿಗೆ ಹೊರಟಿದ್ದರು, "ನೀನು ಬಂದ್ಯಲ್ಲಮ್ಮ, ಇನ್ನೇನು" ಅಂದರು. ಅಕ್ಕ ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಬೆನ್ನು ಮಾಡಿ ಕೂತಳು. ಬೇವಿನ ವಾಸನೆ ಹಬೆಯಲ್ಲಿ ತುಂಬಿತ್ತು. ಮೊದಲ ಚೊಂಬು ಹಾಕಿದೆ. ಎರಡನೆಯದು ಹಾಕಿದೆ.

"ಇನ್ನೂ ಬಿಸಿ ಹಾಕೇ. ಚಳಿ ಆಗ್ತೈತೆ."

ಕೈ ಅದ್ದಲಾಗದಷ್ಟು ಬಿಸಿ ಇತ್ತು ನೀರು. ಬೆನ್ನು ತಿಕ್ಕಲು ಅಂಗೈ ಇಟ್ಟರೆ ಆ ಬಿಸಿನೀರಿನ ಕೆಳಗೆ ಮೈ ಮಂಜಿನ ಹಾಗೆ ತಣ್ಣಗೆ. ನನ್ನ ಕೈ ತಾನಾಗಿಯೇ ಅವಳ ಬೆರಳು ಹಿಡಿದು ಉಗುರನ್ನು ಒತ್ತಿ ಬಿಟ್ಟಿತು. ಬೆಳ್ಳಗಾದ ಉಗುರಿಗೆ ಕೆಂಪು ಕೂಡಲೇ ತಿರುಗಿ ಬರಬೇಕು. ಬರಲಿಲ್ಲ. ಆಗ, ಅಷ್ಟು ಹೊತ್ತಿಗೆ, ಬೆಳಿಗ್ಗೆ ನಾನೇ ಪ್ರಿಂಟ್ ತೆಗೆದ ಹಾಳೆಯ ಕೆಳಗಿನ ಸಾಲು ಕಣ್ಣ ಮುಂದೆ ಬಂತು. ಪಿಸಿವಿ ನಲವತ್ನಾಲ್ಕು. ಕಣ್ಣು ಅದನ್ನು ನೋಡಿತ್ತು, ನಾನು ನೋಡಿರಲಿಲ್ಲ. "ಅಕ್ಕ, ಹೊಟ್ಟೆ ನೋಯ್ತೈತಾ?" ಅನ್ನುವುದರೊಳಗೆ ಅವಳು ಒಂದು ಕಡೆಗೆ ವಾಲಿ ನನ್ನ ತೊಡೆಯ ಮೇಲೆ ಬಿದ್ದಳು.

ಒದ್ದೆ ಸೀರೆಯ ಮೇಲೇ ಕಂಬಳಿ ಸುತ್ತಿ, ಓಣಿಯವರು ಎತ್ತಿ ಕೊಟ್ಟು, ದಾವಣಗೆರೆಯ ಆಸ್ಪತ್ರೆಗೆ ತಲುಪಿಸಿದೆವು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದರು, "ಕೊನೇ ಸಲ ಯಾವಾಗ ಮೂತ್ರ ಮಾಡಿದ್ರು?" ನನಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ರಿಪೋರ್ಟ್ ತರಿಸಿ ತೋರಿಸಿದೆ. ಅವರು ಮೂರನೇ ದಿನದ್ದನ್ನೂ ಐದನೇ ದಿನದ್ದನ್ನೂ ಪಕ್ಕಪಕ್ಕ ಹಿಡಿದು, "ಈ ಪಿಸಿವಿ ಯಾರೂ ನೋಡ್ಲಿಲ್ವಾ?" ಅಂದರು. ಕೆಳಗೆ ನನ್ನ ಸಹಿ ಇತ್ತು.

ಈ ವೈರಸ್ಸನ್ನು ಕೊಲ್ಲುವ ಔಷಧಿ ಇನ್ನೂ ಇಲ್ಲ. ಸೋರಿದಷ್ಟು ನೀರನ್ನು ನಾಳಕ್ಕೆ ಹಿಂತಿರುಗಿಸುತ್ತ, ಹೆಚ್ಚೂ ಆಗದ ಹಾಗೆ ಕಡಿಮೆಯೂ ಆಗದ ಹಾಗೆ ಗಂಟೆಗಂಟೆಗೂ ನೋಡಿಕೊಳ್ಳುವುದೇ ಚಿಕಿತ್ಸೆ. ಹೆಚ್ಚಾದರೆ ಶ್ವಾಸಕೋಶ ತುಂಬಿ ಉಸಿರು ಕಟ್ಟುತ್ತದೆ. ಎರಡು ದಿನ ಹಾಗೆ ಕಾದರು. ಮೂರನೇ ದಿನ ಅಕ್ಕ ಕಣ್ಣು ತೆರೆದು "ಮೈಯೆಲ್ಲ ಕಡಿತೈತೆ" ಅಂತ ಬೈಯಲು ಶುರು ಮಾಡಿದಳು. ಆ ತುರಿಕೆ ಗುಣವಾಗುವ ಲಕ್ಷಣ. ನಾನು ವಾರ್ಡಿನ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಅಕ್ಕ ಮನೆಗೆ ಬಂದ ಮೇಲೆ ಶುರುವಾಯಿತು ನನಗೆ ಬೇರೆ ಕಾಟ. ಬಂದವರಿಗೆಲ್ಲ ಅಕ್ಕ ಒಂದೇ ಕಥೆ ಹೇಳುತ್ತಿದ್ದಳು: "ನನ್ ತಂಗಿ ಇರ್ಲಿಲ್ಲ ಅಂದಿದ್ರೆ ಅವತ್ತೇ ನನ್ನ ಕಥೆ ಮುಗೀತಿತ್ತು. ಬೆನ್ನಿನ ಮ್ಯಾಲೆ ಕೈ ಇಟ್ಟ ಕೂಡ್ಲೇ ಕಂಡುಹಿಡಿದ್ಲು. ಅವ್ವನ ಕೈಗುಣ ನಂಗಲ್ಲ, ಅವಳಿಗೆ ಬಂದೈತೆ." ಓಣಿಯ ಹೆಂಗಸರು ನನ್ನ ಕೈ ಹಿಡಿದು ನೋಡುವರು. ಒಬ್ಬಾಕೆ ಬಾಣಂತಿ ಮಗಳ ತಲೆಯ ಮೇಲೆ ಕೈ ಇಡು ಅಂತ ಕರೆದಳು. ಹೊಗಳಿಕೆ ಹೊಟ್ಟೆಗೆ ಬಿದ್ದ ಕಲ್ಲಿನ ಹಾಗಾಯಿತು. ನಿಜ ಹೇಳಿಬಿಡಬೇಕು ಅಂದುಕೊಂಡು ಭಾನುವಾರ ಭಾನುವಾರ ಹರಿಹರಕ್ಕೆ ಹೋಗುವೆ, ಚಹಾ ಕುಡಿದು ವಾಪಸ್ ಬರುವೆ. ಹೀಗೆ ಎರಡು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಅಕ್ಕ ಮಷಿನ್ನಿನ ಮುಂದೆ ಕೂತು ತೋಳು ಜೋಡಿಸುತ್ತಿದ್ದಳು. ಮನೆಯಲ್ಲಿ ಇನ್ನಾರೂ ಇರಲಿಲ್ಲ. ನಾನು ಅವಳ ಮುಖ ನೋಡದೆ ಹೇಳಿಬಿಟ್ಟೆ.

"ಅಕ್ಕ, ನಿನ್ನ ಉಳಿಸಿದ್ದು ನಾನಲ್ಲ. ಅವತ್ತು ರಿಪೋರ್ಟ್ ನೆಟ್ಟಗೆ ನೋಡಿದ್ರೆ ನೀರು ಹಾಕಾಕೆ ಬರ್ತಾನೇ ಇರ್ಲಿಲ್ಲ, ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಈ ಕಾಯಿಲೇಲಿ ಜ್ವರ ಬಿಟ್ಟ ದಿನಾನೇ ಭಯ. ಅದು ನಂಗೊತ್ತಿತ್ತು. ಗೊತ್ತಿದ್ದೂ ಮರೆತೆ."

ಅಕ್ಕ ಮಷಿನ್ ನಿಲ್ಲಿಸಿ ನಕ್ಕಳು. "ಇದನ್ನ ಹೇಳಾಕೆ ಎರಡು ತಿಂಗಳು ಬೇಕಾಯ್ತಾ? ನಂಗೂ ಅವತ್ತು ಬೆಳಗಿಂದ ಹೊಟ್ಟೆ ಕಿವುಚ್ತಿತ್ತು. ಹೇಳಿದ್ರೆ ನೀ ನೀರು ಹಾಕಲ್ಲ, ಡಾಕ್ಟ್ರ ಹತ್ರ ಹೋಗು ಅಂತೀ ಅಂತ ಬಾಯಿ ಮುಚ್ಕೊಂಡೆ. ಸರಿಗೆ ಸರಿ ಆಯ್ತು, ಬಿಡು."

ಅಬ್ಬಾ ಅನ್ನಿಸಿತು. ಎದ್ದು ಚಹಾಕ್ಕೆ ಇಟ್ಟೆ. ಹಾಲು ಉಕ್ಕುವಷ್ಟು ಹೊತ್ತು ನಾನು ನಿಜಕ್ಕೂ ಹಗುರಾಗಿದ್ದೆ. ಲೋಟ ತಂದು ಕೊಟ್ಟರೆ ಅಕ್ಕ ತೆಗೆದುಕೊಳ್ಳಲಿಲ್ಲ. ಕತ್ತರಿ ಕೈಯಲ್ಲೇ ಇತ್ತು.

"ಜ್ವರ ಬಿಟ್ಟ ದಿನ ಅಂದ್ಯಲ್ಲ. ಅದು ನಂಗೊಬ್ಬಳಿಗೇನಾ, ಎಲ್ಲಾರಿಗೂ ಹಂಗೇನಾ?"

"ಎಲ್ಲಾರಿಗೂ ಹಾಗಾಗಲ್ಲಕ್ಕ. ಆದ್ರೆ ಆಗೋರಿಗೆ ಆಗೋದು ಆಗಲೇ."

"ಬಡಗಿ ಮನೆ ಹುಡುಗೀಗೂ?"

ನಾಲ್ಕು ಮನೆಯಾಚೆ ಕಿಟಕಿ ಬಾಗಿಲು ಮಾಡುವ ಒಂದು ಸಾಬರ ಕುಟುಂಬವಿದೆ. ಅಕ್ಕ ಕಾಯಿಲೆ ಬೀಳುವ ಹಿಂದಿನ ವರ್ಷ ಅವರ ಒಂಬತ್ತು ವರ್ಷದ ಮಗಳು ತೀರಿಕೊಂಡಿದ್ದಳು. ಐದು ದಿನದ ಜ್ವರ, ಬಿಟ್ಟಿತ್ತು. ಬೆಳಿಗ್ಗೆ ಅಕ್ಕನೇ ಹೋಗಿ ನೀರು ಹಾಕಿ, ತಲೆ ಒರೆಸಿ, ಜಡೆ ಹಾಕಿ ಬಂದಿದ್ದಳು. ಸಂಜೆ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹುಡುಗಿ ಇರಲಿಲ್ಲ. ಜ್ವರ ಹೋಗಿತ್ತಲ್ಲ, ಹಾಗಾಗಿ ಓಣಿಯಲ್ಲಿ ಅದಕ್ಕೆ ಜ್ವರದ ಸಾವು ಅಂತ ಯಾರೂ ಅನ್ನಲಿಲ್ಲ. ದೃಷ್ಟಿ ಅಂದರು, ಹಾರ್ಟು ವೀಕ್ ಇತ್ತೇನೋ ಅಂದರು. ನನಗೆ ಅಕ್ಕ ಫೋನಿನಲ್ಲಿ ಹೇಳಿದ್ದಳು. ಅಯ್ಯೋ ಪಾಪ ಅಂದಿದ್ದೆ. ಅದರ ಆಚೆ ಯೋಚಿಸಿರಲಿಲ್ಲ.

"ನೀರಿಂದ ಅಲ್ಲಕ್ಕ" ಅಂದೆ. "ದೇವರಾಣೆಗೂ ನೀರಿಂದ ಏನೂ ಆಗಲ್ಲ. ಕಾಯಿಲೆ ಒಳಗೇ ನಡೀತಿರುತ್ತೆ."

"ನೀರಿನ ಮಾತು ಬಿಡು. ಅವತ್ತು ಬೆಳಿಗ್ಗೇನೇ ಆಸ್ಪತ್ರೆಗೆ ಹೋಗಿದ್ರೆ?"

ಇಲ್ಲಿ ನಾನು ಸುಳ್ಳು ಹೇಳಬಹುದಿತ್ತು. ಇವತ್ತಿಗೂ ಆ ಜಾಗಕ್ಕೆ ಮನಸ್ಸು ತಿರುಗಿ ಹೋಗುತ್ತದೆ. ಆದರೆ ಅಕ್ಕ ನನ್ನ ಕಣ್ಣನ್ನೇ ನೋಡುತ್ತಿದ್ದಳು.

"ಉಳೀತಿದ್ಲೇನೋ" ಅಂದೆ.

"ನಾ ಹೋದ್ನಲ್ಲ, ಮಗು ಆರಾಮಾತು ಅಂತ ಆ ತಾಯಿ ನಿರಾಳ ಆದ್ಲು. ನಾ ಹೋಗಿರ್ಲಿಲ್ಲ ಅಂದ್ರೆ ಇನ್ನೂ ಭಯದಾಗೇ ಇರ್ತಿದ್ಲು. ಭಯ ಇದ್ದಿದ್ರೆ ಹೋಗ್ತಿದ್ಲು" ಅಂತ ಕತ್ತರಿ ಕೆಳಗಿಟ್ಟು ತನಗೆ ತಾನೇ ಹೇಳಿಕೊಂಡಳು. ನನಗೆ ಮೈ ಉರಿಯಿತು, ನನ್ನ ಮೇಲೇ. ನನ್ನ ಎದೆಯ ಭಾರ ಇಳಿಸಿಕೊಳ್ಳಲು ಹೋಗಿ ಅವಳ ತಲೆಯ ಮೇಲೆ ಬಂಡೆ ಹೊರಿಸಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ, ನನಗೆ ಬುದ್ಧಿ ಬಂದ ಮೇಲೂ ಎರಡನೇ ಸಲ ಕೆಟ್ಟಿತು.

ಅಕ್ಕ ಎದ್ದು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಅವರ ಮನೆಗೆ."

"ಬ್ಯಾಡ ಅಕ್ಕ. ವರ್ಷದ ಮ್ಯಾಲಾಯ್ತು. ಆ ತಾಯಿಗೆ ಈಗ ಹೇಳಿ ಏನು ಮಾಡ್ತೀಯ? ಆರಿದ ಗಾಯ."

"ನೀ ನಂಗೆ ಹೇಳ್ದೆ. ನಾ ಅವಳಿಗೆ ಹೇಳಬ್ಯಾಡ್ವಾ?"

ಹಿಂದೆಯೇ ಹೋದೆ. ಹೊರಗಿನ ಪಡಸಾಲೆಯಲ್ಲಿ ಸಾಗುವಾನಿ ಹೊಟ್ಟು ರಾಶಿ ಬಿದ್ದಿತ್ತು. ಹುಡುಗಿಯ ತಾಯಿ ಒಳಗೆ ಅಕ್ಕಿ ಆರಿಸುತ್ತ ಕೂತಿದ್ದಳು. "ಬರ್ರಿ ಅಕ್ಕಾ, ಕೂಡ್ರಿ" ಅಂತ ಮೊರ ಸರಿಸಿದಳು. ಅಕ್ಕ ಕೂಡಲಿಲ್ಲ. ನಿಂತುಕೊಂಡೇ, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ಜ್ವರ ಬಿಟ್ಟ ದಿನದ ಭಯ ಎಂಥದ್ದು, ಅದು ತನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಆರಾಮಾತು ಅಂತ ತಾನೇ ಹೇಳಿದ್ದು. ಕೊನೆಗೆ, "ತಪ್ಪಾತು ತಂಗಿ" ಅಂದಳು.

ಆ ತಾಯಿ ಮೊರದಲ್ಲಿದ್ದ ಒಂದು ಕಲ್ಲು ಆರಿಸಿ ಪಕ್ಕಕ್ಕಿಟ್ಟಳು. ಆಮೇಲೆ ತಲೆ ಎತ್ತಿದಳು.

"ನಂಗೊತ್ತೈತೆ ಅಕ್ಕಾ. ಅವತ್ತೇ ಸಂಜೆ ಡಾಕ್ಟ್ರು ಹೇಳಿದ್ರು, ಜ್ವರ ಬಿಟ್ಟಾಗ್ಲೇ ಕರ್ಕೊಂಡು ಬರಬೇಕಿತ್ತು ಅಂತ. ಬೈದ್ರು ಕೂಡ. ನಾ ಮನೇಲಿ ಇವರಿಗೂ ಹೇಳ್ಲಿಲ್ಲ."

"ನಂಗೆ ಯಾಕ ಹೇಳ್ಲಿಲ್ಲ?" ಅಂದಳು ಅಕ್ಕ. "ಆಮ್ಯಾಲೂ ಎಷ್ಟು ಮಕ್ಕಳಿಗೆ ನೀರು ಹಾಕಿದ್ನಲ್ಲ."

"ಖರೆ. ಹೇಳಬೇಕಿತ್ತು. ಪ್ರತಿ ಸಲ ನೀವು ಈ ಬಾಗಿಲ ಮುಂದೆ ಹಾದು ಹೋಗುವಾಗ ಹೇಳಬೇಕು ಅಂತಿದ್ದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆದ್ರೆ ಐದು ದಿನ ಅವಳು ನಕ್ಕಿರ್ಲಿಲ್ಲ ಅಕ್ಕಾ. ನೀವು ನೀರು ಹಾಕುವಾಗ ಕಿಲಕಿಲ ಅಂತ ನಕ್ಲು, ನೀರು ಮೂಗಿಗೆ ಹೋಯ್ತು ಅಂತ. ಅದೇ ಕಡೇ ನಗು. ನಾ ನಿಮಗೆ ಹೇಳಿಬಿಟ್ಟಿದ್ರೆ ಆ ನಗೂನೂ ತಪ್ಪಾಗಿಬಿಡ್ತಿತ್ತು. ನನ್ನ ಹತ್ರ ಉಳಿದಿರೋದು ಅದೊಂದೇ."

ಅಕ್ಕ ಅಲ್ಲೇ ಕುಸಿದು ಕೂತಳು. ಇಬ್ಬರೂ ಅಳುತ್ತಿದ್ದರು. ಆ ತಾಯಿ ಅಕ್ಕನ ಎರಡೂ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ನಾನು ಹೊಸ್ತಿಲ ಹೊರಗೆ ಮರದ ಹೊಟ್ಟಿನಲ್ಲಿ ನಿಂತೇ ಇದ್ದೆ. ಒಳಗೆ ಬಾ ಅಂತ ಇಬ್ಬರೂ ಕರೆಯಲಿಲ್ಲ, ಕರೆಯಲಿ ಅಂತ ನಾನೂ ಅಂದುಕೊಳ್ಳಲಿಲ್ಲ.